ಕ್ರೈಸ್ತಕುಟುಂಬದ ಉಪವಾಸದಲ್ಲಿ ಎಳೆಯರ ಪಾಲು

ನಾನು ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಡೆದ ಒಂದು ಅಲ್ಪಸಂಗತಿಯು ಈ ಲೇಖನಕ್ಕೆ ಮೂಲವಾಗಿದೆ. ಕರಾವಳಿಯ ಒಂದು ಗ್ರಾಮದ ಶಾಲೆಯಲ್ಲಿ, ಕ್ರೈಸ್ತರು ತಪಸ್ಸುಕಾಲವೆಂದು ಕರೆಯುವ ನಲವತ್ತು ದಿನಗಳೊಳಗಿನ ಒಂದು ಶುಕ್ರವಾರ, ಎರಡನೆಯ ತರಗತಿಯ ಹುಡುಗನೊಬ್ಬನು ಮಧ್ಯಾಹ್ನದ ಊಟಕ್ಕೆ ಏಳದೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದನು. ಹತ್ತಿರ ಹೋಗಿ ವಿಚಾರಿಸಲು, "ಮನೆಯಲ್ಲಿ ಎಲ್ಲರಿಗೂ ಉಪವಾಸ ಮಾಷ್ಟ್ರೇ, ನನಗೂ ಉಪವಾಸ" ಎಂದನು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಾಯಂಕಾಲ ಅವನನ್ನು ಕರೆದೊಯ್ಯಲು ಬಂದ ಅಜ್ಜಿಯೊಡನೆ ನಾನು ಸ್ವಲ್ಪ ಕಠಿನವಾಗಿಯೇ ಮಾತನಾಡಿದೆನು. ಆಕೆಯು ಬೆರಗಾಗಿ, "ಅವನಿಗೆ ಉಪವಾಸ ಹೇಳಿದವರು ಯಾರು ಮಾಷ್ಟ್ರೇ? ಬೆಳಿಗ್ಗೆ ಗಂಜಿ ಬಡಿಸಿಟ್ಟೇ ನಾನು ಇಗರ್ಜಿಗೆ ಹೋದದ್ದು. ಸಣ್ಣವರಿಗೆ ಉಪವಾಸ ಇಲ್ಲ. ರಾತ್ರಿ ನಮ್ಮೊಟ್ಟಿಗೆ ಕೂತು ತೆರ್ಸ್ ಹೇಳಿದರೆ ಸಾಕು" ಎಂದಳು. ಹುಡುಗನು ಆ ಮಾತನ್ನು ಕೇಳಿ ಸಮಾಧಾನಪಡುವುದಕ್ಕೆ ಬದಲಾಗಿ ಅಳತೊಡಗಿದನು.

ಆ ಅಳುವು ನನ್ನನ್ನು ಬಹುಕಾಲ ಬಿಡಲಿಲ್ಲ. ಅಜ್ಜಿಯ ಮಾತು ಕೇವಲ ಮಮತೆಯಿಂದ ಹುಟ್ಟಿದುದೋ, ಅಥವಾ ಅವರ ಶಾಸ್ತ್ರದಲ್ಲಿ ಅದಕ್ಕೆ ಆಧಾರವುಂಟೋ? ಆಧಾರವುಂಟಾದರೆ, ಬಾಲಕನು ತನ್ನ ಮನೆಯವರ ವ್ರತದಿಂದ ಹೊರಗಿಡಲ್ಪಟ್ಟನೆಂದು ಅತ್ತುದಕ್ಕೆ ಆ ಶಾಸ್ತ್ರವು ಏನು ಹೇಳುತ್ತದೆ? ನಿವೃತ್ತನಾದ ಮೇಲೆ ಅವಕಾಶ ದೊರೆತಾಗ ಈ ಎರಡು ಪ್ರಶ್ನೆಗಳನ್ನು ಹಿಡಿದು ನಾನು ಓದಿದುದರ ಸಾರವನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಶಬ್ದವಿಚಾರ. 'ಉಪವಾಸ'ವೆಂದರೆ ಅನ್ನತ್ಯಾಗವೆಂಬುದು ರೂಢಿಯ ಅರ್ಥವು. ಪದವನ್ನು ಬಿಡಿಸಿದರೆ 'ಉಪ' ಎಂದರೆ ಸಮೀಪ, 'ವಾಸ' ಎಂದರೆ ಇರುವಿಕೆ, ಸಮೀಪದಲ್ಲಿರುವಿಕೆಯೇ ಉಪವಾಸವು. ನಮ್ಮ ನಾಡಿನ ಕಥೋಲಿಕರು ತಮ್ಮ ವ್ರತಕಾಲಕ್ಕೆ 'ತಪಸ್ಸು' ಎಂಬ ಪದವನ್ನೂ, ಹಣೆಗೆ ಬೂದಿಯನ್ನು ಧರಿಸುವ ಅದರ ಪ್ರಥಮ ದಿನಕ್ಕೆ 'ವಿಭೂತಿ ಬುಧವಾರ'ವೆಂಬ ಹೆಸರನ್ನೂ, ಎಣಿಸಿ ಪ್ರಾರ್ಥಿಸುವ ಮಣಿಗಳಿಗೆ 'ಜಪಸರ'ವೆಂಬ ಹೆಸರನ್ನೂ ಕನ್ನಡದಲ್ಲಿ ಇಟ್ಟುಕೊಂಡಿರುವರು. ಹೆಸರುಗಳು ನಮಗೆ ಪರಿಚಿತವಾಗಿರುವುದರಿಂದ ವಸ್ತುವೂ ಅಷ್ಟೊಂದು ದೂರದ್ದಲ್ಲವೆಂದು ಧೈರ್ಯತಾಳಿ ಮುಂದುವರಿಯುತ್ತೇನೆ.

ಕ್ರೈಸ್ತರ ಉಪವಾಸವು ಯೆಹೂದ್ಯರಿಂದ ಬಂದುದು. ಅವರ ಪ್ರಾಚೀನ ಗ್ರಂಥಗಳಲ್ಲಿ ದೇಶಕ್ಕೆ ವಿಪತ್ತು ಒದಗಿದಾಗ ಜನರೆಲ್ಲರೂ ಕೂಡಿ ಉಪವಾಸಮಾಡುವ ಸಂದರ್ಭಗಳಿವೆ. ಯೋವೇಲನೆಂಬ ಪ್ರವಾದಿಯು ಸಾರಿದ ಉಪವಾಸಸಭೆಗೆ ವೃದ್ಧರೂ ಮಕ್ಕಳೂ ಮೊಲೆಯುಣ್ಣುವ ಕೂಸುಗಳೂ ಬರಬೇಕಾಗಿದ್ದಿತು. ಯೋನನ ಕಥೆಯಲ್ಲಿ ನಿನೆವೆ ಪಟ್ಟಣದ ದನಕರುಗಳಿಗೂ ಮೇವು ನೀರುಗಳು ನಿಷೇಧಿಸಲ್ಪಟ್ಟುವು. ಆದರೆ ವರ್ಷವರ್ಷವೂ ಬರುವ ನಿಯತವಾದ ಪ್ರಾಯಶ್ಚಿತ್ತದಿನದ ವಿಷಯದಲ್ಲಿ ಯೆಹೂದ್ಯ ಪಂಡಿತರು ಹಾಗೆ ವಿಧಿಸಲಿಲ್ಲ. ಕ್ರಿಸ್ತಶಕ ೨೦೦ರ ಸುಮಾರಿಗೆ ಸಂಗ್ರಹಿಸಲ್ಪಟ್ಟ 'ಮಿಶ್ನಾ' ಎಂಬ ಅವರ ಧರ್ಮಸಂಹಿತೆಯು, ಎಳೆಯ ಮಕ್ಕಳನ್ನು ಆ ದಿನ ಉಪವಾಸ ಕೆಡಹಬಾರದೆಂದೂ, ಪ್ರಾಪ್ತವಯಸ್ಸಿಗೆ ಒಂದೆರಡು ವರ್ಷ ಮುಂಚಿತವಾಗಿ ಮೆಲ್ಲಮೆಲ್ಲನೆ ಅಭ್ಯಾಸಮಾಡಿಸಬೇಕೆಂದೂ ಹೇಳುತ್ತದೆ. ಇಲ್ಲಿಯೇ ಎರಡು ಭಾವಗಳು ಕಾಣಬರುತ್ತವೆ. ಎಳೆಯರ ದೇಹವನ್ನು ನೋಯಿಸಬಾರದು. ಆದರೆ ಅವರನ್ನು ಸಭೆಯಿಂದ ಹೊರಗೂ ಇಡಬಾರದು. ಮುಂದಿನ ಚರಿತ್ರೆಯೆಲ್ಲವೂ ಈ ಎರಡನ್ನು ಹೊಂದಿಸುವ ಪ್ರಯತ್ನವೇ ಆಗಿದೆ.

ಯೇಸುವು ತನ್ನ ಶಿಷ್ಯರಿಗೆ, ಉಪವಾಸವಿರುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಂಡು, ಅದು ಪರರಿಗೆ ತಿಳಿಯದಂತೆ ಇರಬೇಕೆಂದು ಬೋಧಿಸಿದನು. ಈ ಬೋಧೆಯು ಡಂಭಾಚಾರಕ್ಕೆ ಒಳ್ಳೆಯ ಔಷಧವು. ಆದರೆ ಗೃಹಸ್ಥನಿಗೆ ಇಲ್ಲಿ ಒಂದು ತೊಡಕುಂಟು. ಬೀದಿಯವರಿಗೆ ತಿಳಿಯದಂತೆ ಉಪವಾಸವಿರಬಹುದು. ಅಡುಗೆಮನೆಯ ಬಾಗಿಲಲ್ಲಿ ಕುಳಿತ ಮಗುವಿಗೆ ತಿಳಿಯದಂತೆ ಇರುವುದು ಹೇಗೆ? ಆದಕಾರಣ ವ್ರತವು ಮನೆಯನ್ನು ಹೊಕ್ಕ ಕ್ಷಣದಿಂದಲೇ ಅದು ಒಬ್ಬನ ಗುಟ್ಟಾಗಿ ಉಳಿಯದೆ ಕುಟುಂಬದ ವ್ಯವಹಾರವಾಯಿತು. ಅತಿಪ್ರಾಚೀನ ಕ್ರೈಸ್ತಗ್ರಂಥಗಳಲ್ಲೊಂದಾದ 'ದಿದಾಖೆ'ಯು ಬುಧವಾರ ಶುಕ್ರವಾರಗಳಲ್ಲಿ ಉಪವಾಸವನ್ನೂ, ದಿನಕ್ಕೆ ಮೂರಾವರ್ತಿ ಪ್ರಾರ್ಥನೆಯನ್ನೂ ವಿಧಿಸುತ್ತದೆ. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿ ಆಫ್ರಿಕಾ ಖಂಡದ ಕಾರ್ಥೇಜ್ ನಗರದಲ್ಲಿದ್ದ ತೆರ್ತುಲ್ಲಿಯನ್ ಎಂಬ ವಿದ್ವಾಂಸನು ತನ್ನ ಪತ್ನಿಗೆ ಬರೆದ ಪ್ರಬಂಧವೊಂದರಲ್ಲಿ, ಒಂದೇ ನಂಬಿಕೆಯ ದಂಪತಿಗಳು ಜೊತೆಯಾಗಿ ಪ್ರಾರ್ಥಿಸುವುದನ್ನೂ ಜೊತೆಯಾಗಿ ಉಪವಾಸವಿರುವುದನ್ನೂ ಬಹು ಹೃದ್ಯವಾಗಿ ವರ್ಣಿಸಿರುವನು. ಆ ಚಿತ್ರದಲ್ಲಿ ಗಂಡನಿರುವನು, ಹೆಂಡತಿಯಿರುವಳು. ಮಗುವು ಮಾತ್ರ ಇನ್ನೂ ಕಾಣಿಸುವುದಿಲ್ಲ.

ಮಗುವು ಕಾಣಿಸುವುದು ನಾಲ್ಕನೆಯ ಶತಮಾನದಲ್ಲಿ. ೩೨೫ರಲ್ಲಿ ಸೇರಿದ ನಿಸೀಯ ಮಹಾಸಭೆಯ ವಿಧಿಗಳಲ್ಲಿ ನಲವತ್ತು ದಿನಗಳ ಕಾಲದ ಉಲ್ಲೇಖವಿದೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಅಂತಿಯೋಕ್ಯ ನಗರದ ಪ್ರಸಿದ್ಧ ವಾಗ್ಮಿಯಾದ ಜಾನ್ ಕ್ರಿಸೊಸ್ತೊಮನು ಮಕ್ಕಳನ್ನು ಬೆಳೆಯಿಸುವ ಕ್ರಮವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಮಗುವಿನ ಆತ್ಮವು ಒಂದು ಪಟ್ಟಣ, ಇಂದ್ರಿಯಗಳು ಅದರ ಬಾಗಿಲುಗಳು ಎಂದು ಆತನು ರೂಪಿಸಿರುವುದನ್ನು ಓದಿದಾಗ ಭಗವದ್ಗೀತೆಯ ಒಂಬತ್ತು ಬಾಗಿಲಿನ ಪುರವು ನನ್ನ ನೆನಪಿಗೆ ಬಂದಿತು. ಮಗನು ಸದಾಕಾಲವೂ ಅಲ್ಲದೆ ವಾರದಲ್ಲಿ ಎರಡು ದಿನ, ಅಂದರೆ ಬುಧವಾರ ಶುಕ್ರವಾರಗಳಲ್ಲಿ, ಉಪವಾಸವನ್ನು ಕಲಿಯಲೆಂದು ಆತನ ಉಪದೇಶವು. ಇದು ಸ್ವಲ್ಪ ಬಿಗಿಯೆಂದು ತೋರಬಹುದು. ಆದರೆ ಇದೇ ಕ್ರಿಸೊಸ್ತೊಮನು ತನ್ನ ಪ್ರವಚನಗಳಲ್ಲಿ, ದೇಹದೌರ್ಬಲ್ಯದಿಂದ ಉಪವಾಸ ಮಾಡಲಾರದವನು ಉಂಡು, ಅದರ ಬದಲು ದಾನವನ್ನೂ ಪ್ರಾರ್ಥನೆಯನ್ನೂ ಹೆಚ್ಚಿಸಲೆಂದು ಮಾರ್ಗವನ್ನು ತೆರೆದಿಟ್ಟಿರುವನು. ಉಣದಿರುವುದು ಒಂದು ಸಾಧನವು. ಅದೊಂದೇ ಸಾಧನವಲ್ಲ ಎಂದು ಇದರ ತಾತ್ಪರ್ಯವು.

ಈ ಸಂದರ್ಭದಲ್ಲಿ ಉಪಾಧ್ಯಾಯನಾದ ನನಗೆ ಸ್ವಲ್ಪ ಲಜ್ಜೆಯನ್ನುಂಟುಮಾಡಿದ ಒಂದು ಸಂಗತಿಯನ್ನೂ ಹೇಳಬೇಕು. ೩೫೪ರಲ್ಲಿ ಹುಟ್ಟಿದ ಮಹಾಪಂಡಿತ ಅಗಸ್ಟೀನನು ತನ್ನ ಆತ್ಮಕಥೆಯಲ್ಲಿ, ತಾನು ಬಾಲ್ಯದಲ್ಲಿ ದೇವರಲ್ಲಿ ಬೇಡಿಕೊಂಡುದು ಏನೆಂದು ಮುಚ್ಚುಮರೆಯಿಲ್ಲದೆ ಬರೆದಿರುವನು. ಶಾಲೆಯಲ್ಲಿ ತನಗೆ ಪೆಟ್ಟು ಬೀಳದಿರಲಿ ಎಂಬುದೇ ಆ ಪ್ರಾರ್ಥನೆಯು! ಹಿರಿಯರು, ತಂದೆತಾಯಿಗಳೂ ಸಹ, ಆ ಪೆಟ್ಟುಗಳನ್ನು ನಗೆಯ ವಿಷಯವಾಗಿ ಎಣಿಸಿದರೆಂದು ಅವನು ನಡುವಯಸ್ಸಿನಲ್ಲಿಯೂ ಮರೆತಿರಲಿಲ್ಲ. ಎಳೆಯನ ಪ್ರಾರ್ಥನೆಯು ಹಿರಿಯರ ಕಿವಿಗೆ ಕ್ಷುಲ್ಲಕವಾಗಿ ಕೇಳಿಸಬಹುದು. ಅವನಿಗೆ ಅದು ಸರ್ವಸ್ವವು. ಮಕ್ಕಳನ್ನು ಪ್ರಾರ್ಥನೆಗೆ ಕುಳ್ಳಿರಿಸುವ ಮನೆಯವರು ಮಕ್ಕಳ ಬೇಡಿಕೆಯನ್ನು ಕೇಳಿ ನಗದಿರುವಷ್ಟು ಸಂಯಮವನ್ನಾದರೂ ಸಾಧಿಸಬೇಕು.

ಹದಿಮೂರನೆಯ ಶತಮಾನದಲ್ಲಿ ತೋಮಾಸ್ ಅಕ್ವಿನಾಸನು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡನು. ಬೆಳೆಯುವ ದೇಹಕ್ಕೆ ಆಗಾಗ ಆಹಾರವು ಬೇಕು; ಆದುದರಿಂದ ಮೂರನೆಯ ಏಳು ವರ್ಷ ಮುಗಿಯುವವರೆಗೆ, ಎಂದರೆ ಇಪ್ಪತ್ತೊಂದರವರೆಗೆ, ಉಪವಾಸದ ಕಟ್ಟಳೆಯಿಲ್ಲ; ಆದರೂ ವಯಸ್ಸಿಗೆ ತಕ್ಕಂತೆ ಸ್ವಲ್ಪಸ್ವಲ್ಪವಾಗಿ ಅಭ್ಯಾಸಮಾಡುವುದು ಉಚಿತವು; ಮಹಾವಿಪತ್ತು ಒದಗಿದಾಗ ಮಾತ್ರ ನಿನೆವೆಯಲ್ಲಿ ಆದಂತೆ ಮಕ್ಕಳೂ ಉಪವಾಸದಲ್ಲಿ ಸೇರುವುದುಂಟು ಎಂದು ಆತನ ನಿರ್ಣಯವು. ಈ ನಿರ್ಣಯವು ಬಹುಕಾಲ ನಿಂತಿತು. ೧೯೧೭ರ ಕಥೋಲಿಕ ಧರ್ಮಸಂಹಿತೆಯು ಮಾಂಸವರ್ಜನೆಯನ್ನು ಏಳು ವರ್ಷ ತುಂಬಿದವರಿಗೂ, ಉಪವಾಸವನ್ನು ಇಪ್ಪತ್ತೊಂದು ತುಂಬಿ ಅರುವತ್ತನೆಯದನ್ನು ಪ್ರವೇಶಿಸದವರಿಗೂ ವಿಧಿಸಿತು. ೧೯೬೬ರಲ್ಲಿ ಆರನೆಯ ಪೌಲ ಪೋಪರು ಮಾಂಸವರ್ಜನೆಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿದರು. ೧೯೮೩ರ ಸಂಹಿತೆಯು ಉಪವಾಸದ ಆರಂಭವನ್ನು ಹದಿನೆಂಟಕ್ಕೆ ಇಳಿಸಿತು. ಅದೇ ಸಂಹಿತೆಯು, ವಯಸ್ಸಿನ ಕಾರಣದಿಂದ ಕಟ್ಟಳೆಗೆ ಒಳಪಡದ ಎಳೆಯರಿಗೂ ತಪಸ್ಸಿನ ನಿಜಾರ್ಥವನ್ನು ತಿಳಿಸುವ ಹೊಣೆಯನ್ನು ಗುರುಗಳ ಮೇಲೂ ತಂದೆತಾಯಿಗಳ ಮೇಲೂ ಹೊರಿಸಿದೆ. ನಮ್ಮ ಧರ್ಮಶಾಸ್ತ್ರದ ನಿಬಂಧಗಳಲ್ಲಿಯೂ ಏಕಾದಶಿಯ ಉಪವಾಸವು ಎಂಟು ವರ್ಷ ಮೀರಿದವರಿಗೆ, ಎಂಬತ್ತು ತುಂಬದವರಿಗೆ ಎಂದಿದೆ. ಎಲ್ಲೆಯು ಎಲ್ಲಿರಬೇಕೆಂಬುದರಲ್ಲಿ ಭೇದವಿರಬಹುದು. ಎಲ್ಲೆಯೊಂದು ಇರಬೇಕೆಂಬುದರಲ್ಲಿ ಎರಡು ಕಡೆಯ ಹಿರಿಯರೂ ಏಕಾಭಿಪ್ರಾಯರು. ಅಜ್ಜಿಯ ಮಾತಿಗೆ ಆಧಾರವುಂಟೆಂಬುದು ಇಲ್ಲಿಗೆ ಸಿದ್ಧವಾಯಿತು.

ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಕ್ರೈಸ್ತಸಮಾಜವು ಒಡೆದಾಗ ಉಪವಾಸವೂ ವಿವಾದಕ್ಕೆ ಸಿಕ್ಕಿತು. ೧೫೨೨ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಫ್ರೊಶೌವರ್ ಎಂಬ ಮುದ್ರಕನ ಮನೆಯಲ್ಲಿ, ತಪಸ್ಸುಕಾಲದಲ್ಲಿಯೇ ಕೆಲವರು ಬೇಕೆಂದೇ ಮಾಂಸಭಕ್ಷಣ ಮಾಡಿದರು. ಜ್ವಿಂಗ್ಲಿಯೆಂಬ ಸುಧಾರಕನು ತಾನು ತಿನ್ನದಿದ್ದರೂ, ಉಪವಾಸವು ಮನುಷ್ಯರ ಇಚ್ಛೆಗೆ ಬಿಟ್ಟುದೆಂದು ಅವರ ಪರವಾಗಿ ಬೋಧಿಸಿದನು. ಕಟ್ಟಳೆಯು ಹೀಗೆ ಸಡಿಲವಾದಲ್ಲಿ ಮನೆಯ ಪ್ರಾರ್ಥನೆಯು ಬಲಗೊಂಡಿತು. ೧೫೨೯ರಲ್ಲಿ ಲೂಥರನು ಪ್ರಕಟಿಸಿದ ಚಿಕ್ಕ ಪ್ರಶ್ನೋತ್ತರಪುಸ್ತಕವು ಮನೆಯ ಯಜಮಾನನು ಮಕ್ಕಳಿಗೂ ಆಳುಗಳಿಗೂ ಕಲಿಸತಕ್ಕುದೆಂದು ರಚಿಸಲ್ಪಟ್ಟಿತು. ಅದರಲ್ಲಿ ಏಳುವಾಗ, ಮಲಗುವಾಗ, ಊಟದ ಮೊದಲು, ಊಟದ ತರುವಾಯ ಹೇಳಬೇಕಾದ ಪ್ರಾರ್ಥನೆಗಳಿವೆ. ಉಪವಾಸವು ಒಳ್ಳೆಯ ಬಾಹ್ಯಶಿಕ್ಷಣವೆಂಬ ಒಪ್ಪಿಗೆಯೂ ಇದೆ. ಸ್ಕಾಟ್ಲೆಂಡಿನ ಸಭೆಯು ೧೬೪೭ರಲ್ಲಿ ಗೃಹಾರಾಧನೆಗೆ ಒಂದು ಕ್ರಮವನ್ನೇ ವಿಧಿಸಿ, ಅದನ್ನು ಅಲಕ್ಷ್ಯಮಾಡುವ ಮನೆಯ ಯಜಮಾನರಿಗೆ ಬುದ್ಧಿ ಹೇಳಬೇಕೆಂದು ನಿರ್ಣಯಿಸಿತು.

ಈ ಪರಂಪರೆಯು ನಮ್ಮ ಜಿಲ್ಲೆಗೂ ಬಂದುದು ೧೮೩೪ರಲ್ಲಿ, ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಇಳಿದಾಗ. ಇದಕ್ಕೆ ಮೊದಲೇ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ೧೮೩೧ರ ಹೊತ್ತಿಗೆ ಬೈಬಲು ಸಂಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಗಿದ್ದಿತು. ಮನೆಯ ಭಾಷೆಯಲ್ಲಿಯೇ ಗ್ರಂಥವು ದೊರೆತುದರಿಂದ, ಓದಬಲ್ಲ ಹುಡುಗನು ಓದಲು ಬಾರದ ಅಜ್ಜಿಗೆ ಓದಿಹೇಳುವ ಅವಕಾಶವು ಒದಗಿತು. ಉಪವಾಸದಲ್ಲಿ ಹಿಂದೆ ನಿಂತ ಎಳೆಯನು ಪ್ರಾರ್ಥನೆಯಲ್ಲಿ ಮುಂದೆ ಬಂದು ಕುಳಿತನು.

ಕಥೋಲಿಕರ ಮನೆಗಳ ಸಂಧ್ಯಾಪ್ರಾರ್ಥನೆಯಾದ ತೆರ್ಸಿನ ಬಲವನ್ನು ತಿಳಿಯಬೇಕಾದರೆ ಅವರ ಚರಿತ್ರೆಯ ಅತ್ಯಂತ ದುಃಖದ ಅಧ್ಯಾಯವನ್ನು ನೋಡಬೇಕು. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರು ಸೆರೆಹಿಡಿಯಲ್ಪಟ್ಟು ಘಟ್ಟವನ್ನೇರಿ ಶ್ರೀರಂಗಪಟ್ಟಣಕ್ಕೆ ನಡೆದರು. ಆ ದಿನವು ವಿಭೂತಿ ಬುಧವಾರವಾಗಿತ್ತೆಂದು ಅವರ ಪರಂಪರೆಯು ನೆನೆಯುತ್ತದೆ. ಇಗರ್ಜಿಗಳು ಕೆಡವಲ್ಪಟ್ಟುವು, ಪಾದ್ರಿಗಳು ದೇಶದಿಂದ ಹೊರಡಿಸಲ್ಪಟ್ಟರು. ೧೭೯೯ರಲ್ಲಿ ಸೆರೆ ಬಿಟ್ಟಾಗ ಬದುಕಿ ಉಳಿದವರು ಊರಿಗೆ ಮರಳಿ ಇಗರ್ಜಿಗಳನ್ನು ಪುನಃ ಕಟ್ಟಿದರು. ಹದಿನೈದು ವರ್ಷವೆಂದರೆ ಹುಟ್ಟಿದ ಕೂಸು ಯೌವನಕ್ಕೆ ಕಾಲಿಡುವ ಕಾಲವು. ಊರಿನ ಇಗರ್ಜಿಯ ಗಂಟೆಯನ್ನು ಎಂದೂ ಕೇಳದೆ ಬೆಳೆದ ಮಕ್ಕಳು ಮರಳಿ ಬಂದು ತಮ್ಮ ಹಿರಿಯರ ಪ್ರಾರ್ಥನೆಯನ್ನೇ ಹೇಳಿದರೆಂದರೆ, ಅದನ್ನು ಅವರಿಗೆ ಕಲಿಸಿದವರು ಮನೆಯವರಲ್ಲದೆ ಇನ್ನಾರು ಇದ್ದಿರಬಹುದು? ಸಂಕಟದ ಕಾಲದಲ್ಲಿ ಕುಟುಂಬವೇ ಪಾಠಶಾಲೆ, ಕುಟುಂಬವೇ ದೇವಾಲಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡವೆಂದು ನನ್ನ ಅನುಮಾನವು.

ಇಂದಿಗೂ ಆ ಮನೆಗಳಲ್ಲಿ ತೆರ್ಸ್ ಮುಗಿದೊಡನೆ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ 'ಬೆಸಾಂವ್', ಎಂದರೆ ಆಶೀರ್ವಾದ, ಬೇಡುವ ಪದ್ಧತಿಯುಂಟು. ಸೆಪ್ಟೆಂಬರ್ ೮ರ ಮೊಂತಿ ಹಬ್ಬದ ಮುಂಚಿನ ಒಂಬತ್ತು ದಿನಗಳಲ್ಲಿ ಹೂಗಳನ್ನು ಆಯ್ದು ಇಗರ್ಜಿಗೆ ಒಯ್ಯುವವರು ಮಕ್ಕಳೇ. ಹಬ್ಬದ ದಿನ ಮೀನು ಮಾಂಸಗಳಿಲ್ಲದ ಊಟಕ್ಕೆ ಮನೆಮಂದಿಯೆಲ್ಲರೂ ಸೇರಿ, ಆಶೀರ್ವದಿಸಲ್ಪಟ್ಟ ಹೊಸ ತೆನೆಯ ಕಾಳನ್ನು ಹಂಚಿಕೊಳ್ಳುವಾಗ ಕಿರಿಯವನಿಗೂ ಒಂದು ಪಾಲುಂಟು. ನಾಲಗೆಯ ನಿಯಮವನ್ನು ಹಸಿವಿನಿಂದಲ್ಲದೆ ಪಂಕ್ತಿಯಿಂದ ಕಲಿಸುವ ಈ ರೀತಿಯು ಎಳೆಯರಿಗೆ ಒಪ್ಪುವಂಥದು.

ಇಷ್ಟನ್ನು ಓದಿದ ಮೇಲೆ ಆ ಬಾಲಕನ ಅಳುವಿನ ಅರ್ಥವು ನನಗೆ ತಿಳಿಯಿತು. ಅಜ್ಜಿಯು ಶಾಸ್ತ್ರದ ಮೊದಲರ್ಧವನ್ನು ಹೇಳಿದ್ದಳು; ಅವನು ಎರಡನೆಯ ಅರ್ಧವನ್ನು ಬೇಡಿದನು. ಅವನಿಗೆ ಹಸಿದಿರುವುದು ಬೇಕಾಗಿರಲಿಲ್ಲ. ಎಲ್ಲರೊಡನೆ ಇರುವುದು ಬೇಕಾಗಿತ್ತು. ಮಕ್ಕಳಿಗೆ ವಿನಾಯಿತಿಯನ್ನು ಮಾತ್ರ ಕೊಟ್ಟರೆ ಅದು ಹೊರದೂಡಿದಂತೆಯೇ ಸರಿ. ವಿನಾಯಿತಿಯ ಜೊತೆಗೆ ಒಂದು ಕೆಲಸವನ್ನೂ ಕೊಡಬೇಕು. ಪ್ರಾರ್ಥನೆಯ ಒಂದು ಸಾಲು, ದಾನದ ಡಬ್ಬಿಗೆ ಹಾಕುವ ಒಂದು ನಾಣ್ಯ, ಇಷ್ಟಾದರೂ ಸಾಕು.

ಅಜ್ಜಿಗೆ ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಮುಂದಿನ ಶುಕ್ರವಾರ ಹುಡುಗನು ಎಲ್ಲರಿಗಿಂತ ಮೊದಲು ಊಟದ ಸಾಲಿನಲ್ಲಿ ನಿಂತಿದ್ದನು. "ಇವತ್ತು ಉಪವಾಸವಿಲ್ಲವೋ?" ಎಂದು ಕೇಳಿದೆನು. "ನನಗೆ ಇಲ್ಲ ಮಾಷ್ಟ್ರೇ. ರಾತ್ರಿ ಆಲ್ತಾರಿಗೆ ಮೇಣದ ಬತ್ತಿ ಹಚ್ಚುವುದು ಈಗ ನಾನೇ. ನಾನು ಹಚ್ಚದೆ ಯಾರೂ ತೆರ್ಸ್ ಸುರುಮಾಡುವ ಹಾಗಿಲ್ಲ" ಎಂದು ಹೇಳಿ ತಟ್ಟೆಯನ್ನು ಮುಂದೆ ಚಾಚಿದನು.