ಭಾಗವಂತಿಯ ಪರ ನಿಂತವರು

ರಾತ್ರಿ ನೋಡಿದ ಧಾರಾವಾಹಿಯ ಬಗ್ಗೆ ಮರುದಿನ ನಲ್ಲಿಯ ಬಳಿ, ಬಸ್ಸಿನಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ ನಡೆಯುವ ಮಾತನ್ನು ಕಾಡುಹರಟೆ ಎಂದು ತಳ್ಳಿಹಾಕುವವರೇ ಹೆಚ್ಚು. ಆ ಹುಡುಗಿ ಮನೆ ಬಿಟ್ಟು ಹೋಗಬಾರದಿತ್ತು, ಆ ಗಂಡನನ್ನು ಅಷ್ಟು ಬೇಗ ಕ್ಷಮಿಸಬಾರದಿತ್ತು ಎಂಬಂಥ ಮಾತುಗಳಿಗೆ ಚರಿತ್ರೆಯಲ್ಲಿ ಏನು ಬೆಲೆ? ಆದರೆ ಭಾರತೀಯ ಕಿರುತೆರೆಯ ಮೊದಲ ದೀರ್ಘ ಧಾರಾವಾಹಿ 'ಹಮ್ ಲೋಗ್'ನ ಕಥೆ ತಿಳಿದವರು ಈ ಹರಟೆಯನ್ನು ಹಗುರವಾಗಿ ಕಾಣಲಾರರು.

'ಹಮ್ ಲೋಗ್' ಹುಟ್ಟಿದ್ದು ಮನರಂಜನೆಗಾಗಿ ಮಾತ್ರವಲ್ಲ. ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಸಬಿದೊ ಎಂಬ ನಿರ್ಮಾಪಕ 1975ರಿಂದ ವಯಸ್ಕರ ಶಿಕ್ಷಣ, ಕುಟುಂಬ ಯೋಜನೆ ಮುಂತಾದ ವಿಷಯಗಳನ್ನು ಧಾರಾವಾಹಿಗಳಲ್ಲಿ ಹೆಣೆದು ಯಶಸ್ಸು ಕಂಡಿದ್ದ. ಆತನ ಸೂತ್ರ ಸರಳವಾದದ್ದು. ಕಥೆಯಲ್ಲಿ ಅನುಕರಿಸಬೇಕಾದ ಪಾತ್ರಗಳಿರಬೇಕು, ಅನುಕರಿಸಬಾರದ ಪಾತ್ರಗಳಿರಬೇಕು, ಇವೆರಡರ ನಡುವೆ ತೂಗಾಡಿ ಕೊನೆಗೆ ಒಳ್ಳೆಯ ದಾರಿ ಹಿಡಿಯುವ ಪಾತ್ರಗಳೂ ಇರಬೇಕು. ಅಂದಿನ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವ ವಸಂತ ಸಾಠೆಯವರು ಮೆಕ್ಸಿಕೋಗೆ ಹೋಗಿ ಈ ಪ್ರಯೋಗವನ್ನು ಕಂಡು ಬಂದರು. ಅದರ ಫಲವೇ 1984ರ ಜುಲೈ 7ರಂದು ಆರಂಭವಾದ 'ಹಮ್ ಲೋಗ್'. ಮನೋಹರ ಶ್ಯಾಮ ಜೋಶಿ ಬರೆದು, ಪಿ. ಕುಮಾರ್ ವಾಸುದೇವ್ ನಿರ್ದೇಶಿಸಿದ ಈ ಧಾರಾವಾಹಿ 1985ರ ಡಿಸೆಂಬರ್‌ವರೆಗೆ ನಡೆಯಿತು.

ಕುಡುಕ ತಂದೆ ಬಸೇಸರ್ ರಾಮ್, ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿ, ಕೆಲಸವಿಲ್ಲದ ಮಗ ಲಲ್ಲೂ, ಕ್ರಿಕೆಟ್ ಕನಸಿನ ನನ್ಹೆ, ಸಮಾಜಸೇವೆಗೆ ಇಳಿದ ಬಡ್ಕಿ, ಸಿನಿಮಾ ಆಸೆಗೆ ಬಲಿಯಾಗುವ ಮಝ್ಲಿ, ಡಾಕ್ಟರಾಗಬೇಕೆನ್ನುವ ಛುಟ್ಕಿ, ಜೊತೆಗೆ ಅಜ್ಜ, ಅಜ್ಜಿ. ಇಂಥ ಸಂಸಾರ ಯಾವ ಊರಿನಲ್ಲಿ ಇರಲಿಲ್ಲ? ಹಿಂದಿ ಮನೆಮಾತಲ್ಲದ ದಕ್ಷಿಣದ ನಗರಗಳಲ್ಲಿ ಉತ್ತರದಷ್ಟಲ್ಲದಿದ್ದರೂ ಇದಕ್ಕೆ ಗಣನೀಯ ಸಂಖ್ಯೆಯ ವೀಕ್ಷಕರಿದ್ದರು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ತೆರೆಯ ಮೇಲೆ ಬಂದು ಅಂದಿನ ಕಥೆಯ ತಿರುಳು ಹೇಳಿ, ಪಾತ್ರಗಳ ನಡತೆ ಸರಿಯೇ ತಪ್ಪೇ ಎಂದು ನೋಡುಗರನ್ನೇ ಕೇಳುತ್ತಿದ್ದರು.

ನೋಡುಗರು ಉತ್ತರಿಸಿದರು. ಮೊದಲ ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶ ಅತಿಯಾಗಿತ್ತು. ಜನರಿಗೆ ಅದು ಹಿಡಿಸಲಿಲ್ಲ. ಹದಿಮೂರು ಕಂತುಗಳ ಹೊತ್ತಿಗೆ ಉಪದೇಶವನ್ನು ತಗ್ಗಿಸಿ ಕಥೆಗೆ ಒತ್ತು ಕೊಡಬೇಕಾಯಿತು. ಆಮೇಲೆ ಪತ್ರಗಳ ಪ್ರವಾಹವೇ ಹರಿಯಿತು. ಅಶೋಕ್ ಕುಮಾರ್ ಅವರಿಗೆ ಬಂದ ಪತ್ರಗಳ ಸಂಖ್ಯೆ 4 ಲಕ್ಷವನ್ನು ಮೀರಿತ್ತೆಂದು ಈ ಧಾರಾವಾಹಿಯನ್ನು ಅಭ್ಯಾಸ ಮಾಡಿದ ಅರವಿಂದ ಸಿಂಘಾಲ್ ಮತ್ತು ಎವೆರೆಟ್ ರೋಜರ್ಸ್ ದಾಖಲಿಸಿದ್ದಾರೆ. ಬಡ್ಕಿ ಮದುವೆಯಾಗಬೇಕೇ ಬೇಡವೇ ಎಂದು ಸಲಹೆ ಕೊಟ್ಟವರಿದ್ದರು. ಮದುವೆಯಾದಾಗ ಹರಸಿದವರೂ ಇದ್ದರು.

ನಿಜವಾದ ಅಚ್ಚರಿ ಭಾಗವಂತಿಯದು. ಹೆಣ್ಣು ಹೀಗೆ ಬಾಯಿಮುಚ್ಚಿ ಬಾಳಬಾರದು ಎಂದು ತೋರಿಸುವ ಪಾತ್ರವಾಗಿ ಯೋಜಕರು ಆಕೆಯನ್ನು ರೂಪಿಸಿದ್ದರು. ಆದರೆ ವೀಕ್ಷಕರಲ್ಲಿ ಅನೇಕರು ಆಕೆಯನ್ನೇ ಆದರ್ಶವೆಂದು ಮೆಚ್ಚಿಕೊಂಡರು. ತಾಳ್ಮೆ, ತ್ಯಾಗ, ಸಂಸಾರ ಒಡೆಯದಂತೆ ಕಾಯ್ದ ಗುಣ ಅವರಿಗೆ ಎದ್ದು ಕಂಡಿತು. ದೆಹಲಿಯಲ್ಲಿ ಬರೆದ ಪಾಠ ಮನೆಯ ಹಜಾರ ತಲಪುವಷ್ಟರಲ್ಲಿ ತಿರುಗುಮುರುಗಾಗಿತ್ತು.

ಇದು ಭಾರತಕ್ಕೇ ಸೀಮಿತವಾದ ಸಂಗತಿಯಲ್ಲ. ಅಮೆರಿಕದಲ್ಲಿ 1971ರಲ್ಲಿ ಶುರುವಾದ 'ಆಲ್ ಇನ್ ದ ಫ್ಯಾಮಿಲಿ'ಯ ಆರ್ಚಿ ಬಂಕರ್ ಜನಾಂಗದ್ವೇಷದ ಮಾತಾಡುವ ಮನುಷ್ಯ. ನಿರ್ಮಾಪಕ ನಾರ್ಮನ್ ಲಿಯರ್ ಆತನನ್ನು ನಗೆಗೀಡು ಮಾಡಲು ಹೊರಟಿದ್ದರು. ಮನಶ್ಶಾಸ್ತ್ರಜ್ಞರಾದ ವಿಡ್ಮರ್ ಮತ್ತು ರೋಕೀಚ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪೂರ್ವಗ್ರಹವುಳ್ಳ ವೀಕ್ಷಕರಿಗೆ ಆತ ತಮ್ಮ ಮಾತನ್ನೇ ಆಡುವವನಂತೆ ಕಂಡಿದ್ದ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಅಲ್ಲಿ ಕೌರವನ ಪಾತ್ರಧಾರಿಯೂ ತನ್ನ ಪಕ್ಷವನ್ನು ಸಮರ್ಥಿಸಿ ವಾದಿಸುತ್ತಾನೆ. ಯಾರ ಮಾತು ಗೆದ್ದಿತು ಎಂಬ ಚರ್ಚೆ ಮನೆಗೆ ಹೋಗುವ ದಾರಿಯಲ್ಲೂ ಮುಂದುವರಿಯುತ್ತದೆ. ಕಥೆಗಾರ ಪಾತ್ರವನ್ನು ಹುಟ್ಟಿಸುತ್ತಾನೆ, ತೀರ್ಪು ಕೊಡುವುದು ಸಭೆ.

ಹಾಗೆಂದು ಆ ತೀರ್ಪು ಯಾವಾಗಲೂ ನ್ಯಾಯವಾದದ್ದೆಂದು ಹೇಳಲಾಗದು. ಭಾಗವಂತಿಯನ್ನು ಹೊಗಳಿದ ಪತ್ರಗಳ ಹಿಂದೆ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಮೌನವನ್ನೇ ಗುಣವೆಂದು ನಂಬಿದ ಗಂಡಸರಿರಬಹುದು. ತನ್ನ ಬಾಳನ್ನು ಯಾರೂ ಸೋಲೆಂದು ಕರೆಯದಿರಲಿ ಎಂದು ಬಯಸಿದ ಗೃಹಿಣಿಯೂ ಇರಬಹುದು. ಸಹಿಸಿದವಳನ್ನು ತಪ್ಪು ಮಾದರಿಯೆಂದು ತೋರಿಸುವುದು ಸುಲಭ. ಸಹಿಸದೆ ಬೇರೆ ದಾರಿ ಇಲ್ಲದವಳಿಗೆ ಅದು ಪಾಠವಾಗುವುದಿಲ್ಲ, ಅವಮಾನವಾಗುತ್ತದೆ.

ಪಾತ್ರದ ಬಗ್ಗೆ ಆಡುವ ಮಾತು ಬಹುಮಟ್ಟಿಗೆ ಆಡುವವರ ಮನೆಯ ಮಾತೇ. ತನ್ನ ಅತ್ತೆ, ಗಂಡ, ಮಗಳ ಬಗ್ಗೆ ನೇರವಾಗಿ ಹೇಳಲಾಗದ್ದನ್ನು ಭಾಗವಂತಿ, ಬಡ್ಕಿಯರ ನೆಪದಲ್ಲಿ ಹೇಳಬಹುದು. ನಲ್ಲಿಯ ಬಳಿಯ ಆ ಹರಟೆಗೆ ಕಿವಿಗೊಟ್ಟವರಿಗೆ, ಜನಗಣತಿಯಲ್ಲಿ ಸಿಗದ ಒಂದು ಕಾಲದ ಮನಸ್ಸು ಅಲ್ಲಿ ಸಿಗುತ್ತದೆ.