ರಿಯಾಲ್ ಯೋಜನೆ
ಬ್ರೆಜಿಲ್‌ನ ಹಣದುಬ್ಬರವನ್ನು ಹತೋಟಿಗೆ ತಂದ 1994ರ ಆರ್ಥಿಕ ಸುಧಾರಣೆ. ಅರ್ಥಸಚಿವರಾಗಿದ್ದ ಫೆರ್ನಾಂಡೊ ಹೆನ್ರಿಕ್ ಕಾರ್ಡೊಸೊ ಅವರ ತಂಡ ಇದನ್ನು ರೂಪಿಸಿತು. ಬೆಲೆಗಳನ್ನು ಸರ್ಕಾರಿ ಆಜ್ಞೆಯಿಂದ ಕಟ್ಟಿಹಾಕಲು ಹೋದ ಹಿಂದಿನ ಯೋಜನೆಗಳು ಸೋತಿದ್ದವು. ಈ ಬಾರಿಯ ಜಾಣ್ಮೆಯೇ ಬೇರೆ. ಮಾರ್ಚ್ 1ರಿಂದ ಯುಆರ್‌ವಿ ಎಂಬ, ನೋಟೇ ಇಲ್ಲದ, ಬರೀ ಲೆಕ್ಕದ ಏಕಮಾನ ಬಂತು. ಕೂಲಿ, ಬೆಲೆಗಳನ್ನು ಅದರಲ್ಲಿ ನಮೂದಿಸಿ, ದಿನವೂ ಏರುತ್ತಿದ್ದ ದರದಂತೆ ಹಳೆಯ ಕ್ರುಜೇರೊ ರಿಯಾಲ್‌ನಲ್ಲಿ ಪಾವತಿಸುತ್ತಿದ್ದರು. ಜನ ಹೊಸ ಲೆಕ್ಕಕ್ಕೆ ಒಗ್ಗಿದ ಮೇಲೆ, ಜುಲೈ 1ರಂದು, 2,750 ಕ್ರುಜೇರೊ ರಿಯಾಲ್‌ಗೆ ಒಂದರಂತೆ ಹೊಸ ರಿಯಾಲ್ ಚಲಾವಣೆಗೆ ಬಂತು. ತಿಂಗಳಿಗೆ ಶೇ 40 ದಾಟಿದ್ದ ಬೆಲೆಯೇರಿಕೆ ಕೆಲವೇ ತಿಂಗಳಲ್ಲಿ ಒಂದಂಕಿಗೆ ಇಳಿಯಿತು. ಬ್ಯಾಂಕ್ ಖಾತೆಯ ರಕ್ಷಣೆಯಿಲ್ಲದ ಬಡವರಿಗೆ ಇದರಿಂದಾದ ಲಾಭ ಸಣ್ಣದಲ್ಲ. ಏರಿದ ಬಡ್ಡಿದರದ ಹೊರೆಯೂ ಸಣ್ಣದಾಗಿರಲಿಲ್ಲ.