ಪಡೆದವರೇ ಕೊಟ್ಟ ಕಾಲ

ಕೃಷ್ಣೆ ಮತ್ತು ಭೀಮೆಯರ ನಡುವಿನ ಎರೆನಾಡಿನಲ್ಲಿ ದೊರೆಗಳ ಸೋಲುಗೆಲುವಿನ ಲೆಕ್ಕ ಬರೆದಿಟ್ಟವರು ಬಹಳ ಮಂದಿ. 1687ರ ಕೊನೆಯಲ್ಲಿ, ಬಿಜಾಪುರವೂ ಗೋಲ್ಕೊಂಡವೂ ಮೊಗಲರ ಪಾಲಾದ ಮೇಲೆ, ಬೇಡರ ದೊರೆ ಪಾಮನಾಯಕನು ಸಗರದ ಕೋಟೆಯನ್ನು ಔರಂಗಜೇಬನ ಸರದಾರರಿಗೆ ಬಿಟ್ಟುಕೊಟ್ಟನು. ಆ ಸಗರ ಇಂದು ಶಹಾಪುರ ತಾಲ್ಲೂಕಿನ ಒಂದು ಊರು. ಗೆದ್ದ ದಂಡು ಮರುವರ್ಷ ಬಿಜಾಪುರದಲ್ಲಿ ಬೀಡುಬಿಟ್ಟಿದ್ದಾಗ ಪಾಳೆಯಕ್ಕೆ ಪ್ಲೇಗು ಹೊಕ್ಕಿತು. ಬಾದಶಹನ ರಾಣಿ ಔರಂಗಾಬಾದಿ ಮಹಲ್ ಅದಕ್ಕೆ ಬಲಿಯಾದಳು. ಸೇನಾಪತಿ ಫಿರೋಜ್ ಜಂಗ್ ಜೀವ ಉಳಿಸಿಕೊಂಡನಾದರೂ ಕಣ್ಣು ಕಳೆದುಕೊಂಡನು. ಅವನ ಮಗನೇ ಮುಂದೆ ಹೈದರಾಬಾದಿನ ಮೊದಲ ನಿಜಾಮನಾದನು. 1705ರಲ್ಲಿ ಮುಪ್ಪಿನ ಬಾದಶಹನು ತನ್ನ ಬಾಳಿನ ಕೊನೆಯ ದೊಡ್ಡ ಮುತ್ತಿಗೆಯನ್ನು ಹಾಕಿದ್ದು ಸುರಪುರದ ಬಳಿಯ ವಾಗಣಗೇರಾಕ್ಕೆ. ಕೋಟೆ ಸಿಕ್ಕಿತು, ಅದನ್ನಾಳುತ್ತಿದ್ದ ಬೇಡರ ದೊರೆ ಪಿಡ್ಡನಾಯಕ ಸಿಗಲಿಲ್ಲ.

ದಂಡು ನಡೆದ ದಾರಿಯಲ್ಲೆಲ್ಲ ಬೇನೆಯೂ ನಡೆಯಿತು. ಆದರೆ ಬೇನೆಯ ಸುದ್ದಿ ಬೇನೆಗಿಂತ ಮುಂದಾಗಿ ಯಾವ ಊರನ್ನೂ ಮುಟ್ಟಲಿಲ್ಲ. ಪ್ಲೇಗು ಬಂದು ಹೋಗುವ ಪಿಡುಗು. ಸಿಡುಬು ಹಾಗಲ್ಲ, ತಲೆಮಾರಿನಿಂದ ತಲೆಮಾರಿಗೆ ಊರಲ್ಲೇ ಮನೆಮಾಡಿಕೊಂಡಿದ್ದ ಅಮ್ಮ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆಯ ಸದ್ದಡಗಿಸಿ, ಮಗುವನ್ನು ಕತ್ತಲ ಕೋಣೆಯಲ್ಲಿ ಮಲಗಿಸಿ ತಾಯಿ ಕಾಯುತ್ತಿದ್ದಳು. ಉಳಿದರೆ ಅಮ್ಮನ ಕೃಪೆ, ಉಳಿಯದಿದ್ದರೆ ಅಮ್ಮನ ಇಚ್ಛೆ. ಅದರಾಚೆಗಿನ ತಿಳಿವಳಿಕೆ ಅರಮನೆಗೂ ಸುಲಭವಾಗಿ ಎಟುಕಲಿಲ್ಲ, ಗುಡಿಸಲಿಗೂ ಎಟುಕಲಿಲ್ಲ.

ಎಲ್ಲರಿಗೂ ಎಟುಕಬಲ್ಲ ತಿಳಿವಳಿಕೆ ಬಂದದ್ದು ಕಡಲಾಚೆಯಿಂದ. 1798ರಲ್ಲಿ ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಬರೆದು ಅಚ್ಚು ಹಾಕಿಸಿದನು. ಅದನ್ನು ಗುಟ್ಟಾಗಿಟ್ಟು ಹಣ ಮಾಡಿಕೊಳ್ಳದೆ, ಕೇಳಿದವರಿಗೆಲ್ಲ ರಸವನ್ನೂ ವಿಧಾನವನ್ನೂ ಕಳಿಸಿಕೊಟ್ಟನು. ಆದರೆ ದಕ್ಖನ್ನಿನವರೆಗಿನ ಹಾದಿ ದೂರದ್ದು. ಹಡಗಿನ ಸೆಕೆಯಲ್ಲಿ ರಸ ಕೆಟ್ಟುಹೋಗುತ್ತಿತ್ತು. ವಿಯೆನ್ನಾದ ವೈದ್ಯ ಜಾನ್ ದ ಕಾರೊ ಅದನ್ನು ನೂಲಿಗೆ ಹೀರಿಸಿ, ಗಾಜಿನ ನಡುವೆ ಇಟ್ಟು, ಮೇಣದಿಂದ ಮುಚ್ಚಿ ಬಾಗ್ದಾದಿಗೆ ಕಳಿಸಿದನು. ಅಲ್ಲಿಂದ ಬಸ್ರಾ, ಬಸ್ರಾದಿಂದ ಹಡಗೇರಿ ಬೊಂಬಾಯಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಆ ರಸ ಹಿಡಿಯಿತು. ಭಾರತದಲ್ಲಿ ಲಸಿಕೆ ಹಿಡಿದ ಮೊದಲ ಜೀವ ಅವಳು.

ಮುಂದಿನ ಕೆಲಸವೆಲ್ಲ ಮಕ್ಕಳ ತೋಳಿನದು. ಚುಚ್ಚಿದ ಎಂಟನೆಯ ದಿನದ ಹೊತ್ತಿಗೆ ಗಾಯದ ಜಾಗದಲ್ಲಿ ಮುತ್ತಿನ ಬಣ್ಣದ ಗುಳ್ಳೆಯೊಂದು ಏಳುತ್ತಿತ್ತು. ನಡುವೆ ತಗ್ಗು, ಸುತ್ತ ಕೆಂಪು ಬಳೆ. ವೈದ್ಯನು ಸಣ್ಣ ಚೂರಿಯ ಮೊನೆಯಿಂದ ಅದರ ಅಂಚನ್ನು ಮೆಲ್ಲಗೆ ಕೆದಕಿದರೆ ನೀರಿನಷ್ಟು ತಿಳಿಯಾದ ಹನಿ ಒಸರುತ್ತಿತ್ತು. ಆ ಹನಿ ಕೀವಾಗುವ ಮೊದಲೇ ಪಕ್ಕದಲ್ಲಿ ಕೂತ ಇನ್ನೊಂದು ಮಗುವಿನ ತೋಳಿಗೆ ದಾಟಬೇಕು. ಒಂದೆರಡು ದಿನ ತಡವಾದರೂ ಸರಪಳಿ ಕಡಿಯಿತೆಂದೇ ಲೆಕ್ಕ. ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ಲಸಿಕೆ ಹೈದರಾಬಾದು, ಕೊಚ್ಚಿ, ತಲಶ್ಶೇರಿ, ಮದರಾಸುಗಳನ್ನು ಸೇರಿತು. ಸುರಪುರದ ನಾಯಕರು ಅಂದು ಹೈದರಾಬಾದಿಗೆ ಪೇಷ್ಕಷ್ ಎಂಬ ಕಪ್ಪ ಸಲ್ಲಿಸುತ್ತಿದ್ದ ಸಂಸ್ಥಾನಿಕರು. ಸರಪಳಿಯ ಕೊಂಡಿಯೊಂದು ಅವರ ಮೇಲಧಿಕಾರದ ರಾಜಧಾನಿಗೇ ಬಂದು ನಿಂತಿತ್ತು.

ಮೈಸೂರಿನಲ್ಲಿ ಈ ಕೆಲಸಕ್ಕೆ ಅರಮನೆಯೇ ಮುಂದಾಯಿತು. ಥಾಮಸ್ ಹಿಕ್ಕಿಯದೆಂದು ಹೇಳಲಾಗುವ 1805ರ ವರ್ಣಚಿತ್ರವೊಂದರಲ್ಲಿ ಮೂವರು ಅರಸು ಹೆಂಗಸರು ನಿಂತಿದ್ದಾರೆ. ಬಲಗಡೆಯ ಎಳೆಯ ರಾಣಿ ಸೆರಗನ್ನು ಸರಿಸಿ ತನ್ನ ತೋಳನ್ನು ತೋರಿಸುತ್ತಿದ್ದಾಳೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದ ದೇವಾಜಮ್ಮಣ್ಣಿ ಅವಳು, ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು ಎಂದು ಇತಿಹಾಸಕಾರ ನೈಜಲ್ ಚಾನ್ಸೆಲರ್ ಓದಿದ್ದಾನೆ. ಪರಪುರುಷರ ಕಣ್ಣಿಗೆ ಬೀಳದ ಅಂತಃಪುರದ ತೋಳು ಪ್ರಜೆಗಳ ಧೈರ್ಯಕ್ಕಾಗಿ ಚಿತ್ರದಲ್ಲಿ ಬಯಲಾಯಿತು.

ಆ ಕಾಲದ ಏರ್ಪಾಟಿನಲ್ಲಿ ಒಂದು ನ್ಯಾಯ ತಾನಾಗಿ ಅಡಗಿತ್ತು. ನೆರೆಮನೆಯಿಂದ ಹೆಪ್ಪು ತಂದವಳು ತನ್ನ ಮೊಸರಾದ ಮೇಲೆ ಇನ್ನೊಂದು ಮನೆಗೆ ಹೆಪ್ಪು ಕೊಡುವಂತೆ, ರಸ ಕೊಡಬೇಕಾದರೆ ಮೊದಲು ಅದನ್ನು ಪಡೆದಿರಬೇಕಿತ್ತು. ತೋಳು ಚಾಚಿ ರಸ ಕೊಟ್ಟ ಮಗು ಆ ಹೊತ್ತಿಗೆ ಸಿಡುಬಿನಿಂದ ಪಾರಾಗಿತ್ತು. ಕೊಡುಗೆಗೂ ರಕ್ಷಣೆಗೂ ನಡುವೆ ಯಾವ ಕರಾರೂ ಬೇಕಿರಲಿಲ್ಲ, ಎರಡೂ ಒಂದೇ ಗಾಯದಲ್ಲಿದ್ದವು.

ಹಾಗೆಂದು ಆ ಕಾಲವನ್ನು ಪೂಜಿಸಬೇಕಾಗಿಲ್ಲ. ಯಾರ ಮಕ್ಕಳ ತೋಳು ಎಂಬುದನ್ನು ಬಲವಂತರೇ ತೀರ್ಮಾನಿಸುತ್ತಿದ್ದರು. 1803ರಲ್ಲಿ ಸ್ಪೇನಿನ ವೈದ್ಯ ಬಾಲ್ಮಿಸ್ ಲಸಿಕೆಯನ್ನು ಅಮೆರಿಕ ಖಂಡಕ್ಕೆ ಒಯ್ದಾಗ ಅದನ್ನು ಮೈಯಲ್ಲಿ ಹೊತ್ತವರು 22 ಮಂದಿ ಅನಾಥ ಹುಡುಗರು. ನಮ್ಮಲ್ಲಿಯೂ ಬಡವರ, ಸೇವಕರ ಮಕ್ಕಳೇ ಮೊದಲು ಸಿಕ್ಕಿದವರು. ಒಂದು ಮೈಯ ರೋಗ ಇನ್ನೊಂದು ಮೈಗೆ ಅಂಟುವ ಅಪಾಯವಿತ್ತು. ಯಾವ ಜಾತಿಯ ತೋಳಿನಿಂದ ಬಂದ ರಸವೆಂಬ ತಕರಾರೂ ಇತ್ತು. ಆನಾಳ ಹೆಸರು ಉಳಿಯಿತು. ಬೊಂಬಾಯಿಗೂ ಹೈದರಾಬಾದಿಗೂ ನಡುವೆ ತೋಳು ಕೊಟ್ಟ ಮಕ್ಕಳ ಹೆಸರು ಯಾರ ದಫ್ತರಿಗೂ ಬೇಕಾಗಲಿಲ್ಲ.

ಹೀಗೆ ಕೊಟ್ಟವರ ಕೈಬಿಟ್ಟು ಹೋದದ್ದು ಹೆಸರು ಮಾತ್ರವಲ್ಲ, ನೆಲದ ತಿಳಿವಳಿಕೆಯೂ ಹೌದು. 1841ರಲ್ಲಿ ಸುರಪುರಕ್ಕೆ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್ ಬಂದನು. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿದನು. ರಸ್ತೆ ಹಾಕಿಸಿದನು, ಬೋನಾಳದ ಕೆರೆಯನ್ನು ದೊಡ್ಡದು ಮಾಡಿಸಿದನು, ಗುಡ್ಡದ ಮೇಲೆ ಮನೆ ಕಟ್ಟಿಸಿದನು. ಆ ಮನೆಯನ್ನು ಊರು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತದೆ. ಆ ವರ್ಷಗಳಲ್ಲೇ ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಯ ಬಾತ್ಮೀದಾರನೂ ಆಗಿದ್ದನು. ಸುರಪುರ ಸೀಮೆಯ ಬೃಹತ್ ಶಿಲೆಗಳ ಗೋರಿಗಳನ್ನೂ ಕಲ್ಲಿನ ಸಾಲುಗಳನ್ನೂ ಅಳೆದು ಬರೆದ ಲೇಖನ ಬೊಂಬಾಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ನೆಲದ ವಿಷಯ ಬೊಂಬಾಯಿಯಲ್ಲಿ ಅಚ್ಚಾಯಿತು, ಲಂಡನ್ನಿನಲ್ಲಿ ಓದಿಸಿಕೊಂಡಿತು. ನೆಲದವರ ಭಾಷೆಯಲ್ಲಿ ಅದು ಮರಳಿ ಬರಲಿಲ್ಲ. 1858ರಲ್ಲಿ ಬೆಳೆದುನಿಂತ ವೆಂಕಟಪ್ಪ ನಾಯಕನು ಕಂಪನಿಯ ವಿರುದ್ಧ ಎದ್ದು, ಸೆರೆಸಿಕ್ಕು ತೀರಿಕೊಂಡನು. 1860ರಲ್ಲಿ ಸಂಸ್ಥಾನ ನಿಜಾಮನ ಕೈಸೇರಿತು.

1871ರಲ್ಲಿ ಬೊಂಬಾಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯ ನಿಲ್ದಾಣವಾಯಿತು. ಗುಳೆ ಹೋಗುವವರಿಗೆ ಬೊಂಬಾಯಿ ಹತ್ತಿರವಾಯಿತು. ಅತ್ತ ಲಸಿಕೆಯೂ ಮಕ್ಕಳ ತೋಳನ್ನು ಬಿಟ್ಟು ಕರುವಿನ ಮೈಗೆ, ಕರುವಿನಿಂದ ಗಾಜಿನ ನಳಿಗೆಗೆ ಇಳಿಯಿತು. 20ನೇ ಶತಮಾನದ ಆರಂಭಕ್ಕೆ ಬೆಳಗಾವಿಯ ಲಸಿಕಾ ಡಿಪೊದಲ್ಲಿ ಅದು ತಯಾರಾಗತೊಡಗಿತು. ದೇವಿ ಹಾಕುವವರು ಊರೂರು ಸುತ್ತಿದರು. ಇದರಿಂದ ಮಕ್ಕಳ ಮೈಗೆ ಕ್ಷೇಮವಾಯಿತು. ಆದರೆ ಕೊಡುವವರು ಬೇರೆ, ಪಡೆಯುವವರು ಬೇರೆಯಾದದ್ದೂ ಇಲ್ಲಿಂದಲೇ.

ಆ ಬೇರ್ಪಡಿಕೆಯ ಫಲವನ್ನು ಮಲೆನಾಡು ಮೊದಲು ಉಂಡಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನರೂ ಜ್ವರದಿಂದ ಬಿದ್ದರು. ಮಾದರಿಗಳು ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋದವು. ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಫೌಂಡೇಷನ್ನೂ ಕೂಡಿ 1952ರಲ್ಲಿ ಕಟ್ಟಿದ ಸಂಸ್ಥೆ. ಹೊಸ ವೈರಸ್ಸು ಸಿಕ್ಕಿತು, ಲೋಕದ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರು ಸೇರಿತು. ಕಾಡಂಚಿನವರಿಗೆ ಮರಳಿ ಬಂದ ಮೊದಲ ಲಸಿಕೆ ಮಾತ್ರ ರಷ್ಯಾದ ಒಂದು ಮೆದುಳುಜ್ವರದ ನಂಟಿನ ವೈರಸ್ಸಿನಿಂದ ಅಮೆರಿಕದ ಸೇನೆಯ ಸಂಸ್ಥೆ ಮಾಡಿದ್ದು; ಅದು ಕೆಲಸ ಮಾಡಲಿಲ್ಲ. ಅವರದೇ ವೈರಸ್ಸಿನ ಲಸಿಕೆ ಕರ್ನಾಟಕದಲ್ಲೇ ತಯಾರಾಗಿ ಬರಲು ವರ್ಷಗಳು ಹಿಡಿದವು. ಅದೂ ಶಕ್ತಿ ಕುಂದಿ 2022ರಲ್ಲಿ ನಿಂತಿತು.

ಆ ಹೊತ್ತಿಗೆ ವೈರಸ್ಸು ನಳಿಗೆಯಿಂದಲೂ ಆಚೆ ಹೋಗಿ ಜೀನೋಮ್ ಎಂಬ ಅಕ್ಷರಗಳ ಸಾಲಾಗಿತ್ತು. 1990ರ ದಶಕದ ನಡುವಿನಲ್ಲಿ ಸೌದಿ ಅರೇಬಿಯಾದಲ್ಲಿ ಕುರಿ ಕೊಯ್ಯುವವರಿಗೆ ತಗುಲಿದ ರಕ್ತಸ್ರಾವದ ಜ್ವರದ ವೈರಸ್ಸನ್ನು ಓದಿ ನೋಡಿದಾಗ, ಅದು ಕ್ಯಾಸನೂರಿನದಕ್ಕೆ ತೀರ ಹತ್ತಿರದ ನಂಟು ಎಂದು ತಿಳಿಯಿತು. ಸೊರಬದ ಕಾಡಿನದು ಓದಲು ಸಿಗದಿದ್ದರೆ ಆ ನಂಟು ತಿಳಿಯುತ್ತಲೇ ಇರಲಿಲ್ಲ. ಎಲ್ಲರಿಗೂ ತೆರೆದಿಟ್ಟ ಜೀನೋಮಿನ ಬೆಲೆ ಇಷ್ಟು.

ತೆರೆದಿಟ್ಟವರ ಪಾಡೂ ಅಷ್ಟೇ ಸ್ಪಷ್ಟವಾಗಿ ದಾಖಲಾಗಿದೆ. ತಾನು ಕೊಟ್ಟ ಹಕ್ಕಿಜ್ವರದ ವೈರಸ್ಸಿನಿಂದ ತಯಾರಾದ ಲಸಿಕೆ ತನ್ನ ಜನರಿಗೇ ಎಟುಕದ ಬೆಲೆಗೆ ಬರುತ್ತದೆಂದು ಕಂಡ ಇಂಡೊನೇಷ್ಯಾ 2007ರಲ್ಲಿ ಮಾದರಿ ಕಳಿಸುವುದನ್ನೇ ನಿಲ್ಲಿಸಿತು. 2008ರಲ್ಲಿ ಜಿಸೈಡ್ ಎಂಬ ಜೀನೋಮ್ ಭಂಡಾರ ತೆರೆಯಿತು. ಬಳಸುವವರು ಕೊಟ್ಟವರ ಹೆಸರು ಹೇಳಬೇಕೆಂಬುದು ಅದರ ಕಟ್ಟಳೆ. 2020ರ ಜನವರಿ 11ರಂದು ಚೀನಾದ ವಿಜ್ಞಾನಿ ಝಾಂಗ್ ಯೊಂಗ್‌ಝೆನ್ ಕೊರೊನಾದ ಸುಮಾರು 30 ಸಾವಿರ ಅಕ್ಷರಗಳನ್ನು ಲೋಕದ ಮುಂದಿಟ್ಟನು. ಮರುದಿನ ಅವನ ಪ್ರಯೋಗಾಲಯಕ್ಕೆ ಬಾಗಿಲು ಹಾಕಿಸಲಾಯಿತು. 2021ರ ನವೆಂಬರಿನಲ್ಲಿ ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾಗಳು ಓಮಿಕ್ರಾನಿನ ಸುಳಿವು ಕೊಟ್ಟವು. ಲೋಕ ಕೃತಜ್ಞತೆಯ ಬದಲು ಅವುಗಳ ವಿಮಾನಗಳನ್ನು ತಡೆಯಿತು. ಆ ಸುಳಿವಿನ ಬಲದಿಂದಲೇ ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಡಿಸೆಂಬರ್ 2ರಂದು ಬೆಂಗಳೂರಿನಲ್ಲಿ ಗುರುತಾದವು.

ಸುರಪುರ, ಶಹಾಪುರಗಳಿರುವ ಯಾದಗಿರಿ ಜಿಲ್ಲೆಗೆ ಕೊರೊನಾ ಬಂದದ್ದು ಗುಳೆಯ ದಾರಿಯಲ್ಲಿ. ಕೊರೊನಾದಿಂದ ದೇಶದ ಮೊದಲ ಸಾವು 2020ರ ಮಾರ್ಚಿನಲ್ಲಿ ನೆರೆಯ ಕಲಬುರಗಿಯದು. ಆದರೆ ಯಾದಗಿರಿ ಮೇ ತಿಂಗಳವರೆಗೆ ಸೋಂಕಿಲ್ಲದೆ ಉಳಿದಿತ್ತು. ಜಿಲ್ಲೆಯ ಮೊದಲ ಪ್ರಕರಣಗಳು ಅಹಮದಾಬಾದಿನಿಂದ ಸುರಪುರಕ್ಕೆ ಮರಳಿದ್ದವರಲ್ಲಿ ಕಂಡವು. ಅನಂತರ ಮುಂಬಯಿ, ಪುಣೆಗಳಿಂದ ಗಂಟುಮೂಟೆ ಹೊತ್ತು ಬಂದವರು ಶಾಲೆ, ಹಾಸ್ಟೆಲುಗಳ ಕ್ವಾರಂಟೈನಿನಲ್ಲಿ ಸಾಲಾಗಿ ನಿಂತು ಗಂಟಲ ದ್ರವ ಕೊಟ್ಟರು. ಅದೇ ಮಾರ್ಚಿನಿಂದ ಮೇವರೆಗೆ ರಾಜ್ಯದಲ್ಲಿ ಸಿಕ್ಕ 47 ಜೀನೋಮುಗಳನ್ನು ಬೆಂಗಳೂರಿನ ನಿಮ್ಹಾನ್ಸ್ ತಂಡ ಓದಿ ಪ್ರಕಟಿಸಿತು. ಕರ್ನಾಟಕಕ್ಕೆ ಸೋಂಕು ಒಂದೇ ಬಾಗಿಲಿನಿಂದ ಬರಲಿಲ್ಲ, ಹಲವು ಕಡೆಗಳಿಂದ ಹಲವು ಸಲ ಬಂತು ಎಂಬುದು ಅದರ ಸಾರ. ಗುಳೆಯವರೇ ರೋಗ ತಂದರೆಂದು ಹಳ್ಳಿಯ ಕಟ್ಟೆಗಳಲ್ಲಿ ಬೈಗುಳ ಕೇಳಿಬರುತ್ತಿದ್ದ ದಿನಗಳಲ್ಲಿ ಆ ಒಂದು ಮಾತಿನ ಅಗತ್ಯ ಸುರಪುರ, ಶಹಾಪುರಗಳಿಗೆ ಬಹಳವಿತ್ತು. ಅದು ಅಚ್ಚಾದದ್ದು ಇಂಗ್ಲಿಷಿನಲ್ಲಿ.

2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿತು. ವೈರಸ್ಸನ್ನೂ ಅದರ ಜೀನೋಮನ್ನೂ ಬೇಗ ಹಂಚಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ, ಒಪ್ಪಂದಕ್ಕೆ ಸೇರಿದ ತಯಾರಕರು ಮಹಾಮಾರಿಯ ಹೊತ್ತಿನ ತಮ್ಮ ಉತ್ಪನ್ನದ ನೂರರಲ್ಲಿ ಇಪ್ಪತ್ತು ಪಾಲನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿಯಿಡಬೇಕು, ಅದರಲ್ಲಿ ಕನಿಷ್ಠ ಅರ್ಧ ದಾನವಾಗಿ ಎಂಬುದು ಅದರ ತಿರುಳು. ಯಾರು ಎಷ್ಟು, ಹೇಗೆ ಎಂಬ ಕಠಿಣ ಭಾಗವನ್ನು ಅನುಬಂಧದ ಚೌಕಾಶಿಗೆ ಬಿಡಲಾಯಿತು. 1802ರ ಮಕ್ಕಳ ತೋಳಿನಲ್ಲಿ ತಾನಾಗಿ ಇದ್ದ ನ್ಯಾಯವನ್ನು ಈಗ ದೇಶಗಳು ಕಾಗದದ ಮೇಲೆ ಬರೆದು ಸಹಿ ಹಾಕಿ ಕಟ್ಟಬೇಕಾಗಿದೆ.

ಆ ಕರಾರು ಜಿನೀವಾದಲ್ಲಿ ಮುಗಿದರೆ ಸಾಲದು. ಸುರಪುರದ ತಾಲ್ಲೂಕು ಆಸ್ಪತ್ರೆಯಿಂದ ಹೋದ ಮಾದರಿಯಲ್ಲಿ ಏನು ಕಂಡಿತೆಂಬುದು ಮೊದಲು ಸುರಪುರದ ವೈದ್ಯನಿಗೆ ತಿಳಿಯಬೇಕು, ಅದೂ ಊರಿಗೆ ಉಪಯೋಗವಾಗುವಷ್ಟು ಬೇಗ, ಊರಿಗೆ ತಿಳಿಯುವ ಕನ್ನಡದಲ್ಲಿ. ಲಸಿಕೆ ಬಂದಾಗ ಗುಳೆ ಹೋಗುವವನ ಸರದಿ ಮಹಾನಗರದವನ ಸರದಿಯ ಜೊತೆಗೇ ಬರಬೇಕು. ಮೈ ಕೊಟ್ಟವರಿಗೆ ಇಷ್ಟಾದರೂ ಸಂದರೆ ಹಂಚಿಕೆ ಎನ್ನಬಹುದು. ಸಲ್ಲದಿದ್ದರೆ ಅದು ನಾಯಕರ ಕಾಲದಿಂದಲೂ ಈ ಸೀಮೆಗೆ ಚೆನ್ನಾಗಿ ಗೊತ್ತಿರುವ ಪೇಷ್ಕಷ್.